ದಂಡೋತಿಯಿಂದ ಬಂದ ಟ್ರಂಕ್ ಕಾಲ್

೨೦೦೩ರ ಫೆಬ್ರವರಿ ಹದಿನೇಳು, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ರಘುವೀರ ಆಚಾರ್ಯರು ಚಿತ್ತಾಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಅವರಿಗಿಂತ ಮುಂಚೆ ಅವರ ಸಿಟ್ಟು ಒಳಗೆ ಬಂದಿತ್ತು.

"ಕಳವಾಗ್ಯಾದ್ರಿ ಸಾಹೇಬ್ರ! ಇತಿಹಾಸನ ಕಳವಾಗ್ಯಾದ!"

ಎಮ್ಮೆಯಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲ ಕಳವಿನ ದೂರು ಬರೆದುಕೊಂಡಿದ್ದ ಪಿಎಸ್‌ಐ ಸಾಯಬಣ್ಣನಿಗೆ ಇತಿಹಾಸ ಕಳೆದುಕೊಂಡವರು ಸಿಕ್ಕಿದ್ದು ಇದೇ ಮೊದಲು.

"ಕುಂದ್ರಿ. ಏನು ಹೋಗ್ಯಾದ, ಅದನ್ನಷ್ಟ ಹೇಳ್ರಿ."

ಹೋಗಿದ್ದು ಒಂದು ಹಳೆಯ ಹೆಡ್‌ಸೆಟ್. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ತಲೆಗೆ ಸಿಕ್ಕಿಸಿಕೊಂಡು ಕರೆ ಜೋಡಿಸುತ್ತಿದ್ದ ಸಾಮಾನು. ಆಚಾರ್ಯರು ನಿವೃತ್ತ ಮಾಸ್ತರು. ಹಳೆ ಫೋನಿನ ಹುಚ್ಚು ಹಿಡಿದ ನಾಲ್ಕಾರು ಊರಿನ ಮಂದಿಯನ್ನು ಕೂಡಿಸಿ 'ದೂರವಾಣಿ ನೆನಪಿನ ಬಳಗ' ಕಟ್ಟಿದ್ದರು. ವಾಡಿಯವರು ತಂತಿ ಬಡಿಯುವ ಕೀಲಿ ತಂದರು, ಶಹಾಬಾದದವರು ಕರಿ ಡಯಲ್ ಫೋನು ತಂದರು, ಚಿಂಚೋಳಿಯವರು ಕಂಬದ ಮೇಲಿನ ಪಿಂಗಾಣಿ ಬಟ್ಟಲು ಹೊತ್ತು ತಂದರು. ಚಿತ್ತಾಪುರದ ಹಳೆ ಎಕ್ಸ್‌ಚೇಂಜಿನ ಬೋರ್ಡು ಗುಜರಿಗೆ ಹೋಗುವುದರೊಳಗೆ ಇವರೇ ಹಣ ಕೂಡಿಸಿ ಬಿಡಿಸಿಕೊಂಡರು. ಸ್ಟೇಷನ್ ರೋಡಿನ ಕೋಣೆಯಲ್ಲಿ ಪ್ರತಿ ಭಾನುವಾರ ಅದನ್ನು ಊರಿಗೆ ತೋರಿಸುತ್ತಿದ್ದರು. ಒಳ್ಳೆಯ ಕೆಲಸವೇ. ಅದರಲ್ಲಿ ಎರಡು ಮಾತಿಲ್ಲ.

ಎಫ್‌ಐಆರ್ ಆಯಿತು. ಭಾರತ ದಂಡ ಸಂಹಿತೆಯ ಕಲಂ ೩೮೦, ಕಟ್ಟಡದೊಳಗಿನ ಕಳವು. ಸಾಯಬಣ್ಣ, ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ಕರೀಮ್ ಇಬ್ಬರೂ ಕೋಣೆಗೆ ಹೋಗಿ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಮಾಡಿದರು. ಬೀಗ ಮುರಿದಿಲ್ಲ. ತಂತಿ ಬಡಿಯುವ ಹಿತ್ತಾಳೆಯ ಕೀಲಿ ಇದ್ದಲ್ಲೇ ಇದೆ. ತಾಮ್ರದ ತಂತಿಯನ್ನು ಯಾರೂ ಮುಟ್ಟಿಲ್ಲ. ಗುಜರಿ ಅಂಗಡಿಯ ಸರ್ದಾರನನ್ನು ಕೇಳಿದರೆ ಅವನು ಹಣೆ ಬಡಿದುಕೊಂಡ.

"ತಾಮ್ರ ಬಿಟ್ಟು ಅದನ್ನ್ಯಾವ ಹುಚ್ಚ ಒಯ್ತಾನ್ರಿ? ಅದಕ್ಕ ಚಾ ಸೈತ ಬರಂಗಿಲ್ಲ."

ಸಾಯಬಣ್ಣನಿಗೆ ಅಲ್ಲೇ ಕಲ್ಲು ಕಡಿದಂತಾಯಿತು. ಬೋರ್ಡಿನ ಬಾಯಿ ಬಿಟ್ಟು ಬರೇ ಕಿವಿ ಕಿತ್ತುಕೊಂಡು ಹೋದವರು ಯಾರು?

ಆ ಹೆಡ್‌ಸೆಟ್ ಹಾಕಿಕೊಂಡು ಭಾನುವಾರದ ಆಟ ನಡೆಸುತ್ತಿದ್ದವನು ನಂದಕಿಶೋರ್, ನಿವೃತ್ತ ಆಪರೇಟರ್. ಅವನನ್ನು ಕರೆಸಿದರು.

"ನಿನ್ನೆ ಏನೇನಾತು?"

"ದಿನದಂಗ ಬೋರ್ಡು ತೋರಿಸ್ದೆ, ಕತಿ ಹೇಳ್ದೆ, ಎಲ್ಲಾರೂ ಚಾ ಕುಡೀಲಿಕ್ಕ ಹೊರಗ ಹೋದ್ವಿ. ಬಂದು ನೋಡಿದ್ರ ಇಲ್ಲ."

"ಏನು ಕತಿ?"

ನಂದಕಿಶೋರನ ಮುಖ ಅರಳಿತು. ಇಲ್ಲದ ಹೆಡ್‌ಸೆಟ್ಟನ್ನು ತಲೆಗೆ ಹಾಕಿಕೊಂಡವನಂತೆ ಎರಡೂ ಕೈ ಎತ್ತಿ ಶುರು ಮಾಡಿದ.

"ಎಪ್ಪತ್ತೊಂಬತ್ತನೇ ಇಸವಿ. ದಂಡೋತಿ ಪೋಸ್ಟ್ ಆಫೀಸಿನಿಂದ ಟ್ರಂಕ್ ಕಾಲ್, ನಾನೇ ಜೋಡಿಸಿ ಕಿವಿ ಕೊಟ್ಟು ಕುಂತಿದ್ದೆ. ಬಾಣಂತಿ ಹೆಣ್ಣಮಗಳು, ಪರವೂರಾಗಿದ್ದ ಗಂಡಗ. 'ಬರ್ರೀ, ಕೂಸಿನ ಮಾರಿ ನೋಡಿ ಹೋಗ್ರಿ' ಅಂತಾಳ. ಅವ ಗಪ್ ಚಿಪ್! 'ಹೋಗ್ಲಿ, ದನಿಯಾದ್ರೂ ಕೇಳ್ರಿ' ಅಂತ ಕೂಸಿನ್ನ ಫೋನಿಗೆ ಹಿಡಿದ್ಲು. ಕೂಸು ಅಳವಲ್ದು! ಏನ್ ಮಾಡಿದ್ಲು ಹೇಳ್ರಿ? ಚಿವುಟಿದ್ಲು! ಕೂಸು 'ಕ್ಯಾಂವ್' ಅಂತು. ಗಂಡ ಏನಂದ ಗೊತ್ತೇನ್ರಿ? 'ಯಾರ ಕೂಸದು?' ಅಂದು ಫೋನ್ ಇಟ್ಟುಬಿಟ್ಟ!"

ಅಬ್ದುಲ್ ಕರೀಮ್ ಕಿಸಕ್ಕನೆ ನಕ್ಕ. ಸಾಯಬಣ್ಣನಿಗೂ ತುಟಿಯಂಚಿನ ತನಕ ನಗು ಬಂದಿತ್ತು. ಬಂದಿತ್ತಲ್ಲ ಅಂತಲೇ ಮರುಕ್ಷಣ ಅವನಿಗೆ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು.

"ಇದನ್ನ ನಿನ್ನೆ ಹೇಳಿದ್ರೇನು?"

"ಪ್ರತಿ ವಾರ ಹೇಳ್ತೀನ್ರಿ. ಮಂದಿ ಕೇಳಿ ಕೇಳಿ ಹೇಳಸ್ತಾರ. ಹೋದ ವಾರ ದಂಡೋತಿ ಸಾಲಿ ಹುಡುಗ್ರು ಬಂದಿದ್ವು, ಬಿದ್ದು ಬಿದ್ದು ನಕ್ಕವು." ನಂದಕಿಶೋರ್ ಸ್ವಲ್ಪ ತಡೆದ. "ನಿನ್ನೆ ಒಬ್ಬಾಕಿ ಹಿಂದ ಕುಂತು, 'ಆಮ್ಯಾಲ ಆ ಕೂಸಿನ ಗತಿ ಏನಾತು?' ಅಂದ್ಲು. ಮಾರಿ ಕಾಣ್ಲಿಲ್ಲ. ದನಿ ಎಲ್ಲೋ ಕೇಳ್ದಂಗ ಅನಸ್ತು. ನಮ್ಮದು ಅದೇ ರೋಗ ನೋಡ್ರಿ, ಮಾರಿ ಮರಿತೀವಿ, ದನಿ ಮರಿಯಂಗಿಲ್ಲ."

ಸಾಯಬಣ್ಣ ಜೀಪು ಹತ್ತಿದ. ಮಹಿಳಾ ಕಾನ್‌ಸ್ಟೇಬಲ್ ಇಮಾಮ್ಬೀಯನ್ನೂ ಕರೆದುಕೊಂಡ. ಆ ಹೆಣ್ಣುದನಿಯ ಬೆನ್ನು ಹತ್ತಿ ಜೀಪು ದಂಡೋತಿಯ ಕಡೆ ತಿರುಗಿತು.

ದಂಡೋತಿಗೆ ಮುಟ್ಟಿದಾಗ ಶಾಲೆ ಬಿಟ್ಟಿತ್ತು. ಮಕ್ಕಳನ್ನು ಚಿತ್ತಾಪುರಕ್ಕೆ ಕರೆದೊಯ್ದಿದ್ದ ಟೀಚರ್ ಭಾಗ್ಯಶ್ರೀಯ ಮನೆ ತೋರಿಸಿದರು. ಇಪ್ಪತ್ತನಾಲ್ಕರ ಹುಡುಗಿ, ಬಾಯಿತುಂಬ ಮಾತು. ಗೋಡೆಯ ಮೇಲೆ ಅವಳಪ್ಪನ ಫೋಟೋ, ಮುಂದೆ ಊದಿನಕಡ್ಡಿ.

"ಆ ಕತಿ ಊರಾಗ ಯಾರಿಗರೇ ಹೇಳಿದ್ದೇನವ್ವಾ?"

"ನಮ್ಮವ್ವಗ ಹೇಳಿದ್ದೆ ಸರ್. ಆ ಅಜ್ಜ ಮಾಡಿದಂಗ ಮಾಡಿ ತೋರಿಸ್ದೆ. 'ನಮ್ಮೂರಾಕಿನೇ ಅಂತವ್ವಾ, ಯಾರಿರಬೇಕು?' ಅಂತ ಕೇಳ್ದೆ." ಭಾಗ್ಯಶ್ರೀಗೆ ಮತ್ತೆ ನಗು ಬಂತು. "ಅವ್ವ ಅವತ್ತು ಉಣ್ಣಲೇ ಇಲ್ಲ ಸರ್. ತಲಿ ನೋವಂತ ಮಲಗಿದ್ಲು."

ಸಾಯಬಣ್ಣ ಒಳಗೆ ತಿರುಗಿ ನೋಡಿದ. ನೀರಿನ ತಂಬಿಗೆ ಹಿಡಿದು ಭಾಗ್ಯಶ್ರೀಯ ತಾಯಿ ಶಿವಕಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಖಾಕಿ ಕಂಡು ಅವಳು ಬೆದರಲಿಲ್ಲ.

"ಭಾಗ್ಯಾ, ಸಾಹೇಬ್ರಿಗಿ ಚಾ ಮಾಡಬೇಕು. ಶಂಕ್ರಪ್ಪನ ಅಂಗಡ್ಯಾಗ ಹಾಲು ತಗೊಂಬಾ."

ಮಗಳು ಹೊಸ್ತಿಲು ದಾಟಿದಳು. ಶಿವಕಾಂತಮ್ಮ ಜೋಳದ ಹಿಟ್ಟಿನ ಡಬ್ಬಿಯಿಂದ ಹೆಡ್‌ಸೆಟ್ ತೆಗೆದು, ಸೆರಗಿನಿಂದ ಒರೆಸಿ, ಅವನ ಮುಂದಿಟ್ಟಳು.

"ಆ ಹೆಣ್ಣಮಗಳು ನಾನೇರಿ. ಆ ಕೂಸು ಈಕಿ."

"ಅಕ್ಕಾ..."

"ಅವ ಮರುವರ್ಷ ಅಲ್ಲೇ ಸತ್ತ. ಈಕಿಗಿ ಅಪ್ಪ ಅಂದ್ರ ದೇವರು. ದಿನಾ ಊದಿನಕಡ್ಡಿ ಹಚ್ಚೇ ಸಾಲಿಗಿ ಹೋಗ್ತಾಳ. ಅವ ಅಂದ ಮಾತು ನನಗ ಗೊತ್ತಿತ್ತು, ಶಿವನಿಗಿ ಗೊತ್ತಿತ್ತು. ಮೂರನೇದವ ಕದ್ದು ಕೇಳ್ಯಾನಂತ ಗೊತ್ತಿದ್ದಿಲ್ಲ. ಈಗ ನನ್ನ ಮಗಳ ಕಡಿಂದನ ಅದನ್ನ ಆಡಿಸಿ ನಗಿಸ್ಯಾನ."

"ಹೊಳಿಗಿ ಒಗಿಬೇಕಿತ್ತು, ಅಕ್ಕಾ. ಯಾಕ ಇಟ್ಕೊಂಡ್ರಿ?"

"ಕಾಗಿಣಾ ಹೊಳಿ ತನಕ ಒಯ್ದಿದ್ದೆ. ಕೈ ಬರಲಿಲ್ಲ. ಹೆತ್ತಪ್ಪ ಫೋನ್ ಇಟ್ಟ ಮ್ಯಾಲೂ ನನ್ನ ಕೂಸು ಅಳ್ತಿತ್ತು ಸಾಹೇಬ್ರ. ಆ ಅಳು ಪೂರಾ ಕೇಳಿದ್ದು ಇದೊಂದ." ಅವಳು ಬಾಗಿಲ ಕಡೆ ನೋಡಿದಳು. "ಏನು ಬೇಕಾದ್ರೂ ಬರಕೋರಿ. ಆಕಿಗಿ ಮಾತ್ರ ಹೇಳಬ್ಯಾಡ್ರಿ."

ಜಪ್ತಿ ಪಂಚನಾಮೆ ಮಾಡಿ, ಹೆಡ್‌ಸೆಟ್ಟನ್ನು ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಇಮಾಮ್ಬೀ ಶಿವಕಾಂತಮ್ಮನನ್ನು ಜೀಪಿಗೆ ಹತ್ತಿಸುವಾಗ ಕೈ ಹಿಡಿದದ್ದು ಕಾನೂನಿಗಾಗಿ ಅಲ್ಲ.

ಸಂಜೆ ಠಾಣೆಯಲ್ಲಿ ಆಚಾರ್ಯರಿಗೆ ಹಿಗ್ಗೋ ಹಿಗ್ಗು. ನಂದಕಿಶೋರನೂ ಜೊತೆಗೆ ಬಂದಿದ್ದ. ಸಾಯಬಣ್ಣ ಇಬ್ಬರನ್ನೂ ಪಡಸಾಲೆಗೆ ಕರೆದ.

"ಆ ದಂಡೋತಿ ಕತಿ ಇವತ್ತಿಗಿ ಬಂದ್."

"ಅದು ಇತಿಹಾಸರಿ ಸಾಹೇಬ್ರ! ಮಂದಿಗಿ ಹಂಚಬೇಕು. ನಾವೇನು ಹೆಸರು ಹೇಳೀವೇನು?" ಅಂದರು ಆಚಾರ್ಯರು.

"ಹೆಸರು ಹೇಳ್ದಿದ್ರ ಉರಿ ಕಡಿಮಿ ಆಗ್ತದೇನ್ರಿ?" ಸಾಯಬಣ್ಣನ ದನಿ ಏರಿತು. "ಫೋನ್ ಉಳಿಸ್ರಿ, ಬೋರ್ಡ್ ಉಳಿಸ್ರಿ, ಕೈ ಮುಗೀತೀನಿ. ಸರ್ಕಾರ ಇವರಿಗಿ ಪಗಾರ ಕೊಟ್ಟಿದ್ದು ತಂತಿ ಜೋಡಸ್ಲಿಕ್ಕ. ಬಾಣಂತಿ ಗೋಳು ಕೂಡಿಟ್ಟು ಭಾನುವಾರ ಬಡಿಸ್ಲಿಕ್ಕಲ್ಲ. ಅದು ನಿಮ್ಮ ಸಾಮಾನಲ್ಲ! ಹೆಡ್‌ಸೆಟ್ ಕದ್ದಾಕಿಗಿ ನನ್ನ ಕಡಿ ಕಲಂ ಅದ. ಮಾತು ಕದ್ದವರಿಗಿ ಹಚ್ಚಲಿಕ್ಕ ಇವತ್ತು ನನಗ ಕಲಂ ಸಿಗವಲ್ದು. ಅದಕ್ಕ ಬದುಕ್ಕೊಂಡ್ರಿ."

ನಂದಕಿಶೋರ್ ತಲೆ ತಗ್ಗಿಸಿದ. ಯಾರ ಮಾತು ಅನ್ನುವುದು ಅವನಿಗಿನ್ನೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಜೀಪಿನ ಹಿಂದೆಯೇ ಬಸ್ಸು ಹಿಡಿದು ಭಾಗ್ಯಶ್ರೀ ಬಂದಳು. ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು, ಅದು ನಿಯಮ. ಬೆಂಚಿನ ಮೇಲೆ ಕುಳಿತ ಅವ್ವನನ್ನು ಕಂಡು ಅವಳು ನೇರ ಅಲ್ಲಿಗೇ ನಡೆದಳು.

"ಆ ಹಳೇ ಸಾಮಾನು ಕದ್ದು ಏನ್ ಮಾಡಾಕಿದ್ದಿ? ನಾಳಿಗಿ ಸಾಲ್ಯಾಗ ಯಾವ ಮಾರಿ ತೋರಿಸ್ಲಿ? ಅಪ್ಪ ಬದುಕಿದ್ರ ನಿನ್ನ ಮಾರಿ ನೋಡ್ತಿದ್ದನೇನು?"

"ಇಲ್ಲ ಮಗಳ," ಅಂದಳು ಶಿವಕಾಂತಮ್ಮ. "ನೋಡ್ತಿದ್ದಿಲ್ಲ. ಆಸಿ ಆತು, ತಗೊಂಡೆ. ತಪ್ಪಾತು."

ಆ ದನಿ ಪಡಸಾಲೆಗೆ ಕೇಳಿತು. ನಂದಕಿಶೋರ್ ಅದರ ಗುರುತು ಹಿಡಿದ. ಅವನ ಕಣ್ಣು ತಾಯಿಯಿಂದ ಮಗಳಿಗೆ, ಮಗಳಿಂದ ತಾಯಿಗೆ ಹೋಯಿತು. ಬಾಯಿ ತೆರೆಯಿತು. ಸಾಯಬಣ್ಣ ಅವನನ್ನೇ ದುರುಗುಟ್ಟಿ ನೋಡಿದ. ನಂದಕಿಶೋರ್ ಬಾಯಿ ಮುಚ್ಚಿಕೊಂಡು, ಚಪ್ಪಲಿ ಸಹ ಮೆಟ್ಟದೆ ಮೆಟ್ಟಿಲು ಇಳಿದು ಹೋದ.

ಭಾಗ್ಯಶ್ರೀ ಸಹಿ ಮಾಡಿ, ಅವ್ವನ ಕಡೆ ತಿರುಗಿಯೂ ನೋಡದೆ ಹೊರಟಳು.

"ಕಳವಿಗಿ ಕಾರಣ ಏನಂತ ಬರೀಲಿ, ಸಾಹೇಬ್ರ?" ಅಬ್ದುಲ್ ಕರೀಮ್ ಕೇಳಿದ. ಬೆಳಿಗ್ಗೆ ನಕ್ಕವನು ಅವನೇ.

"ಆಕಿ ಹೇಳ್ಯಾಳಲ್ಲ. ಹಳೆ ಸಾಮಾನಿನ ಆಸೆಗೆ ಬಿದ್ದು, ಅಂತ ಬರಿ."

ಕರೀಮ್ ಹಾಗೇ ಬರೆದ. ಶಿವಕಾಂತಮ್ಮ ಅದನ್ನು ಓದಿಸಿ ಕೇಳಿದಳು. ಸರಿಯಾಗಿದೆ ಅಂದಳು. ಠಾಣೆಗೆ ಬಂದಾಗಿನಿಂದ ಮುಟ್ಟದಿದ್ದ ನೀರಿನ ಲೋಟ ಎತ್ತಿ ಪೂರ್ತಿ ಕುಡಿದಳು.