ಮಂಚದ ಇನ್ನರ್ಧ

ಕೆ.ಆರ್. ಪೇಟೆಯ ಒಂದು ಕ್ಲಿನಿಕ್ಕಲ್ಲಿ ಇಸಿಜಿ ತೆಗೆಯೋ ಕೆಲಸ ನಂದು. ಗುಂಡಿಗೆ ಬಡಿದಾಗ ಏಳೋ ಸಣ್ಣ ಕರೆಂಟನ್ನ ವೈರುಗಳು ಕೈಕಾಲಿಂದ ಹಿಡಿದು ಕಾಗದದ ಮೇಲೆ ಗೆರೆ ಬರೀತವೆ. ಎಡಗೈ ವೈರನ್ನ ಬಲಗೈಗೆ ಹಾಕಿದರೆ ಮೊದಲ ಗೆರೆ ತಲೆಕೆಳಗಾಗುತ್ತೆ. ವೈರು ಸರಿಯಿದ್ದೂ ಹಾಗೆ ಬರ್ತಿದ್ದದ್ದು ಮಾಕವಳ್ಳಿಯ ಅಕ್ಕಸಾಲಿ ಮೌನೇಶಾಚಾರ್ ಒಬ್ಬರಿಗೇ. ಅವರ ಗುಂಡಿಗೆ ಹುಟ್ಟಿನಿಂದ್ಲೇ ಬಲಗಡೆ ಇತ್ತು. ಯುಗಾದಿ ಹೊತ್ತಿಗೆ ತೀರ್ಕೊಂಡರು.

ಮೊನ್ನೆ ಮಧ್ಯಾಹ್ನ ಅವರ ಹೆಂಡತಿ ಲಲಿತಮ್ಮ ಎದೆನೋವು ಅಂತ ಬಂದು, ಮಂಚದ ಒಂದು ಅಂಚಿಗೆ ಒತ್ತಿಕೊಂಡು ಮಲಗಿದರು. ಗೆರೆ ತಲೆಕೆಳಗೆ ಬಂತು. ನನ್ನ ಮೇಲೆ ನನಗೇ ರೇಗಿ, ವೈರು ಬಿಚ್ಚಿ ಮತ್ತೆ ಹಾಕಿದೆ. ಮತ್ತೂ ಹಾಗೇ ಬಂತು. ರೂಮಲ್ಲಿ ಅರಗು ಕಾಯಿಸಿದ ವಾಸನೆ, ಅಕ್ಕಸಾಲಿ ಅಂಗಡೀಲಿ ಬರುತ್ತಲ್ಲ, ಅದು.

"ಬಿದ್ದುಗಿದ್ದೀರಿ ಅಮ್ಮ, ಮಧ್ಯಕ್ಕೆ ಬನ್ನಿ."

"ಇರ್ಲಿ ಕಣಪ್ಪ, ಇಂಗೇ ಅಭ್ಯಾಸ."

ಅವರನ್ನ ಸರಿಸೋಕೆ ಅಂತ ಮಂಚದ ಖಾಲಿ ಅರ್ಧಕ್ಕೆ ಕೈಯೂರಿದೆ. ಹಾಸು ಬೆಚ್ಚಗಿತ್ತು, ಅಲ್ಲಿ ಯಾರೋ ಮಲಗಿರೋ ಹಾಗೆ. ಕೈ ಹಿಂದಕ್ಕೆಳೆದು, ಲಲಿತಮ್ಮನನ್ನ ಮೆಲ್ಲಗೆ ಮಧ್ಯಕ್ಕೆ ತಂದೆ. ಅರಗಿನ ವಾಸನೆ ಹೋಯ್ತು. ಮಿಷನ್ನು ಗೆರೆಯನ್ನ ಸರಿಯಾಗಿ ಬರೀತು.

ಲಲಿತಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡು ಅಂದರು:

"ಎಬ್ಬಿಸ್ಬುಟ್ಯಲ್ಲಪ್ಪ ಅವ್ರನ್ನ."