ಹಸಿದ ನೀರು

ಏಳು ಜನ ಮಿಂದೆದ್ದ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಎಲ್ಲರೂ ಮಧುಮತಿಯ ಮನೆಯ ಸ್ಪಾದಲ್ಲಿ, ಬಿಸಿನೀರಿನ ತೊಟ್ಟಿಯ ಅಂಚಿನಲ್ಲಿ ಕುಳಿತು ಚಹಾ ಕುಡಿಯುವಷ್ಟರಲ್ಲಿ ಅದು ತಾನಾಗಿಯೇ ತಿಳಿಯಾಗಿ, ತಳದ ನೀಲಿ ಟೈಲ್ಸ್ ಕಾಣತೊಡಗಿತು.

"ನೋಡ್ರೀ ಅಕ್ಕಾರ, ಒಂದ್ ಹನಿ ಕ್ಲೋರಿನ್ ಹಾಕಿಲ್ಲ," ಎಂದಳು ಮಧುಮತಿ.

"ಛಲೋ ಐತಿ," ಎಂದಳು ಕಸ್ತೂರಿ. ಅರ್ಧ ಚಹಾ ಉಳಿದ ಲೋಟವನ್ನು ಪಕ್ಕಕ್ಕೆ ಸರಿಸಿಬಿಟ್ಟಳು.

ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಧಾರವಾಡದ ಸಪ್ತಾಪುರದ ಒಂದೇ ಓಣಿಯಲ್ಲಿ ಅಕ್ಕಪಕ್ಕದ ಮನೆ. ಓಣಿಗೆ ಮೊದಲ ಸ್ಪಾ ತಂದವಳು ಹಿರಿಯಳಾದ ಕಸ್ತೂರಿ. ಅಲ್ಲಿಯ ಔಷಧಿ ವಾಸನೆಗೆ ಕಣ್ಣು ಉರಿದರೂ ನೆಂಟರೆಲ್ಲ ಬರುತ್ತಿದ್ದರು. ಮಧುಮತಿ ತನ್ನ ತೊಟ್ಟಿಗೆ 'ಜೀವಪೊರೆ' ಹಚ್ಚಿಸಿದ ಮೇಲೆ ಅತ್ತೆ ಕೂಡ ಟವೆಲ್ ಹೆಗಲಿಗೇರಿಸಿಕೊಂಡು ಅಲ್ಲಿಗೇ ಹೋದಳು.

ಜೀವಪೊರೆ ಎಂದರೆ ತೊಟ್ಟಿಯ ಒಳಮೈಗೆ ಬಳಿಯುವ, ಹಾಲಿನ ಕೆನೆಗಿಂತ ತೆಳುವಾದ ಸೂಕ್ಷ್ಮಜೀವಿಗಳ ಪದರ. ಅದು ನೀರಿನ ಕೊಳೆಯನ್ನು ತಿಂದು ಬದುಕುತ್ತದೆ. ರೋಗಾಣುಗಳಿಗೆ ನೆಲೆ ಕೊಡುವುದಿಲ್ಲ. ನೀರಿನ ಕೊರತೆಯಿಂದಾಗಿ, ತುಂಬಿಸಿದ ತೊಟ್ಟಿಯನ್ನು ವರ್ಷದವರೆಗೆ ಬರಿದು ಮಾಡಬಾರದೆಂಬ ಕಾಯ್ದೆಯಿದ್ದ ಆ ಕಾಲದಲ್ಲಿ ಅದೊಂದು ವರವೇ ಆಗಿತ್ತು.

ಪೊರೆಯನ್ನು ರೂಪಿಸಿದ ಡಾ. ಫಿರ್ದೋಸ್ ಮುಲ್ಲಾರನ್ನೇ ಕಸ್ತೂರಿ ಕರೆಸಿದಳು.

"ನಮ್ಮ ತೊಟ್ಟಿಗೆ ಇನ್ನೊಂದು ಜೋಡಿಸಬೇಕ್ರಿ. ಎರಡೂ ಕೂಡಿ ಬಾಜೂ ಮನಿದಕ್ಕಿಂತ ದೊಡ್ಡದಾಗಬೇಕು. ಎಲ್ಲಾ ಕಡೆ ನಿಮ್ಮ ಪೊರೆ ಹಚ್ಚಿಕೊಡ್ರಿ."

"ಮನ್ಯಾಗ ಎಷ್ಟು ಮಂದಿ ಇದ್ದೀರಿ?"

"ನಾವು ಗಂಡ ಹೆಂಡತಿ ಇಬ್ಬರ."

"ಇಬ್ಬರಿಗೆ ಇಷ್ಟ್ಯಾಕ್ರಿ? ಮೈಯ ಕೊಳೀನ ಪೊರೆಗೆ ಊಟ. ಮಂದಿ ಕಡಿಮಿ ಆದ್ರ ಅದು ಉಪವಾಸ ಬೀಳ್ತದ."

"ಆ ಚಿಂತಿ ನನಗ ಬಿಡ್ರಿ. ದೊಡ್ಡದಾಗಬೇಕು, ಅಷ್ಟ."

ಹೊಸ ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಕಸ್ತೂರಿ ಎಲ್ಲರನ್ನೂ ಕರೆದು ತೋರಿಸಿದಳು. ಆದರೆ ಯಾರನ್ನೂ ಇಳಿಯಗೊಡಲಿಲ್ಲ. ಇಷ್ಟು ಚೆಂದದ ನೀರಿಗೆ ಇನ್ನೊಬ್ಬರ ಮೈಯ ಕೊಳೆ ಯಾಕೆ? ನೆಂಟರು ನೋಡಿ, ಹೊಗಳಿ, ಮಧುಮತಿಯ ಮನೆಗೆ ಮೀಯಲು ಹೋದರು. ಗೋಡೆಯಾಚೆ ಅತ್ತೆ ನಗುವುದು ಕೇಳಿದಾಗಲೆಲ್ಲ ಕಸ್ತೂರಿಗೆ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಬೂದಿಬಣ್ಣಕ್ಕೆ ತಿರುಗಿ ಲೋಳೆ ತೇಲತೊಡಗಿತು. ಫಿರ್ದೋಸ್ ಬಂದು ಪರೀಕ್ಷಿಸಿದರು.

"ಪೊರೆ ಹಸಿದು ಸತ್ತದ. ಹೊಸದು ಹಚ್ಚತೀನಿ, ನಾಲ್ಕು ದಿನದಾಗ ನೀರು ತಿಳಿ ಆಗ್ತದ. ಆಮ್ಯಾಲೆ ಮಂದೀನ ಕರೀರಿ. ಬ್ಯಾರೆ ಬ್ಯಾರೆ ಕೆಲಸ ಮಾಡಾವ್ರು ಬಂದಷ್ಟೂ ತರಾವರಿ ಕೊಳಿ ಸಿಕ್ಕು ಪೊರೆ ಗಟ್ಟಿ ಆಗ್ತದ."

ಮಧುಮತಿಯ ಬಾಗಿಲಿಗೆ ಹೋಗಿ ನೆಂಟರನ್ನು ಕಳಿಸೆಂದು ಕೇಳುವುದೇ? ಸತ್ತರೂ ಆಗದು. ನೀರು ತಿಳಿಯಾದ ದಿನ ಕಸ್ತೂರಿ ಗೇಟಿನ ಬಳಿ ಯೋಚಿಸುತ್ತ ನಿಂತಿದ್ದಾಗ, ಸೊಪ್ಪು ಮಾರುವ ಯಲ್ಲವ್ವ ಬುಟ್ಟಿ ಇಳಿಸಿ ಸೊಂಟ ಹಿಡಿದುಕೊಂಡಳು. ಅವಳನ್ನು ಕಸ್ತೂರಿ ಎಂದೂ ಗೇಟಿನೊಳಗೆ ಕರೆದಿರಲಿಲ್ಲ.

"ಒಳಗ ಬಾ ಯಲ್ಲವ್ವಾ. ಬಿಸಿನೀರಾಗ ಒಂದೀಟು ಕೂಡು."

"ನಿಮ್ಮ ನೀರಾಗ ನಾನ್ರೀ? ಕೊಳಿ ಆಗ್ತೈತ್ರೀ ಅವ್ವಾರ!"

"ಆಗಲಿ. ಅದ ಬೇಕಾಗೈತಿ."

ಯಲ್ಲವ್ವನ ಹಿಂದೆ ಕಸ ಗುಡಿಸುವವರು ಬಂದರು, ಬಣ್ಣ ಬಳಿಯುವವರು ಬಂದರು. ಹೆಂಗಸರಿಗೆ ಮುಂಜಾನೆ, ಗಂಡಸರಿಗೆ ಸಂಜೆ. ನೀರು ಹಿಂದೆಂದಿಗಿಂತ ತಿಳಿಯಾಯಿತು. ಗದ್ದಲ ಕೇಳಿ ಅತ್ತೆಯೂ ಬಂದಳು, ನೆಂಟರೂ ತಿರುಗಿ ಬಂದರು. ಆಗ ಮಧುಮತಿಯ ನೀರು ಬೂದಿಬಣ್ಣಕ್ಕೆ ತಿರುಗಿತು. ಅವಳು ಬಂದು ಕಸ್ತೂರಿಯ ಗೇಟಿನಲ್ಲಿ ನಿಂತಾಗ ಅತ್ತೆ ಯಲ್ಲವ್ವನ ಪಕ್ಕದಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತಿದ್ದಳು. ಮಧುಮತಿಯ ಮುಖ ಕಪ್ಪಿಟ್ಟಿತು. ಕಸ್ತೂರಿ ಆ ದಿನ ಹೊಟ್ಟೆತುಂಬ ಉಂಡಳು.

ಮಧುಮತಿ ಸುಮ್ಮನಿರಲಿಲ್ಲ. ಹೊಸ ಪೊರೆ ಹಚ್ಚಿಸಿ, ಮೂಲೆಯ ಕಟ್ಟಡದ ಗೌಂಡಿಗಳನ್ನೂ ಅವರ ಹೆಂಡಂದಿರನ್ನೂ ಚಹಾ ಕೊಟ್ಟು ಕರೆದಳು. ಕಸ್ತೂರಿ ಚಹಾದ ಜೊತೆ ಚುರುಮುರಿಯ ಗಿರ್ಮಿಟ್ ಇಟ್ಟಳು. ಮಧುಮತಿ ಮಿರ್ಚಿ ಭಜಿ ಕರಿದಳು.

ಒಮ್ಮೆ ಹಾದು ಹೋಗುತ್ತಿದ್ದ ಫಿರ್ದೋಸ್ ಬೆರಗಾಗಿ ನಿಂತರು. ಪ್ರತಿಯೊಂದು ಮನೆಯವರೂ ತಮ್ಮ ಶುಚಿಯಾದ ನೀರಿನಲ್ಲಿ ತಾವೇ ಕೂರಲಿ ಎಂದು ಅವರು ಪೊರೆಯನ್ನು ರೂಪಿಸಿದ್ದರು. ಇಲ್ಲಿ ಎರಡೂ ಮನೆಯ ಗೇಟುಗಳು ಮುಚ್ಚುತ್ತಲೇ ಇರಲಿಲ್ಲ.

ಕಸ್ತೂರಿ ಮಾತ್ರ ಗೋಡೆಯಾಚೆ ಇಣುಕಿ ತಲೆಗಳನ್ನು ಎಣಿಸುತ್ತಿದ್ದಳು. ಅಲ್ಲಿ ಮೂರು ತಲೆ ಹೆಚ್ಚಿಗೆ!

"ಯಲ್ಲವ್ವಾ, ನಾಳೆ ನಿಮ್ಮ ಓಣಿಯವರನ್ನೆಲ್ಲಾ ಕರಕೊಂಡ ಬಾ. ಆಕಿ ಕಡೆ ಹೋದೀರಿ ಮತ್ತ!"

ಯಲ್ಲವ್ವ ಕಣ್ಣು ಮುಚ್ಚಿಕೊಂಡೇ ಬಿಸಿನೀರಿನಲ್ಲಿ ಕಾಲು ಚಾಚಿದಳು.

"ನಾಳೆ ಆಚಿ ಮನಿ ಸಣ್ಣವ್ವಾರಿಗೆ ಮಾತು ಕೊಟ್ಟೀವ್ರೀ. ನಿಮ್ಮ ಪಾಳಿ ನಾಡಿದ್ದ."