ಗುಳ್ಳೆ ಎದ್ದ ಕೇಬಲ್

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದ ಮುಖ್ಯಸ್ಥರು ಕೂಗಿಕೊಂಡರು. ಸ್ಟ್ಯಾಂಡಿನ ಮೇಲಿದ್ದ ಕೇಬಲ್ಲಿನ ಮೈತುಂಬ ಗುಳ್ಳೆ!

ಅದು ಸೂಪರ್‌ಕಂಡಕ್ಟರ್ ಕೇಬಲ್. ಹಿಮಕ್ಕಿಂತ ಎಷ್ಟೋ ತಣ್ಣಗಿನ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತದೆ. ಅವತ್ತು ಮೊದಲ ಪರೀಕ್ಷೆ. ನಡುವಿನ ಬೆಸುಗೆ ಹಾಕಿದವಳು ತಂಗಿ, ಪರೀಕ್ಷೆ ನಡೆಸಬೇಕಾದವನು ಅವಳ ಸ್ವಂತ ಅಣ್ಣ.

“ಬೆಸುಗೆ ಹಾಕೋವಾಗ ಕಾಯಿಸಿ ಕೆಡಿಸಿದ್ದೀಯಮ್ಮ,” ಎಂದರು ಮುಖ್ಯಸ್ಥರು. “ಇನ್ನು ನಗರದ ವಿದ್ಯುತ್ ಲೈನಿನ ಕೆಲಸ ನಿನಗೆ ಹೇಗೆ ಕೊಡ್ಲಿ?”

ಆ ಕೆಲಸಕ್ಕಾಗಿ ಹಗಲೂ ರಾತ್ರಿ ಕನಸು ಕಂಡವಳು ತುಟಿ ಕಚ್ಚಿ ನಿಂತಳು. ಅಣ್ಣ ತನ್ನ ಬರಿದಾದ ಕುತ್ತಿಗೆ ತಡವಿಕೊಂಡ.

ಸುರಕ್ಷತಾ ಅಧಿಕಾರಿಗೆ ಕರೆ ಹೋಯಿತು. ಎಲ್ಲರ ಬಾಯಲ್ಲೂ ಅವರು ‘ಪತ್ತೆ ಅತ್ತೆ’. ಕಾಣೆಯಾದ ಸ್ಪ್ಯಾನರಿನಿಂದ ಮುನಿಸಿಕೊಂಡ ಗಂಡನವರೆಗೆ ಏನು ಬೇಕಾದರೂ ಹುಡುಕಿಕೊಡುವ ಹೆಂಗಸು.

* * *

ಮೊದಲ ಅನುಮಾನ ನೈಟ್ರೋಜನ್ ಟ್ಯಾಂಕರಿನ ಚಾಲಕನ ಮೇಲೆ. ನಿನ್ನೆ ಮುಖ್ಯಸ್ಥರ ಜೊತೆ ಜಗಳವಾಡಿದ್ದ.

“ಗೇಟಲ್ಲಿ ಜಗಳ ಆಡಿದೆ, ಗೇಟಿಂದಾನೇ ಹೋದೆ,” ಎಂದ ಅವನು. ಕಾವಲುಗಾರನೂ ಹೌದೆಂದ.

ಅತ್ತೆ ಕೇಬಲ್ಲಿನತ್ತ ಬಾಗಿದರು.

“ಇದನ್ನ ನೈಟ್ರೋಜನ್‌ಗೆ ಇಳಿಸಿದ್ರಾ?”

“ಇಲ್ಲ, ಇವತ್ತೇ ಮೊದಲು,” ಎಂದ ಅಣ್ಣ.

“ಮತ್ತೆ ಸ್ಟ್ಯಾಂಡಿನ ತುಂಬ ನೀರಿನ ಕಲೆ?”

ಅತ್ತೆ ಬೆಸುಗೆಯ ಮೇಲಿಂದ ಒಂದು ಕೆಂಪು ಉಣ್ಣೆಯ ಎಳೆ ಎತ್ತಿದರು.

“ತಂಗಿ ಹೆಣೆದುಕೊಟ್ಟ ಮಫ್ಲರ್ ಎಲ್ಲಪ್ಪ? ಒಂದು ದಿನಾನೂ ಬಿಟ್ಟವನಲ್ಲ ನೀನು.”

ಅಣ್ಣ ತನ್ನ ಚೀಲವನ್ನು ಬೆನ್ನ ಹಿಂದೆ ಸರಿಸಿದ.

* * *

“ತಪ್ಪು ಬೆಸುಗೇದಾಗಿದ್ರೆ ಗುಳ್ಳೆ ಅದರ ಪಕ್ಕದಲ್ಲೇ ಏಳ್ಬೇಕಿತ್ತು. ಅಲ್ಲೇ ಒಂದೂ ಇಲ್ಲ,” ಎಂದರು ಅತ್ತೆ. “ಮುಳುಗಿಸಿದಾಗ ಕೇಬಲ್ಲಿಗೆ ಸುತ್ತಿದ ಟೇಪಿನ ಪದರದೊಳಗೆ ನೈಟ್ರೋಜನ್ ಇಳಿಯುತ್ತೆ. ಹೊರಗೆ ತೆಗೆದು ಸುಮ್ನೆ ಬಿಟ್ರೆ ಮೆಲ್ಲಗೆ ಹೋಗುತ್ತೆ. ಹೀಟ್ ಗನ್ ಹಿಡಿದು ಬಿಸಿಗಾಳಿ ಬಿಟ್ರೆ ಒಳಗೇ ಉಬ್ಬಿ ಗುಳ್ಳೆ ಏಳುತ್ತೆ. ಯಾರೋ ಕದ್ದು ಮುಳುಗಿಸಿ, ಮೈಮೇಲೆ ಕಟ್ಟಿ ಕರಗಿದ ಹಿಮಾನ ಗಡಿಬಿಡೀಲಿ ಒಣಗಿಸಿದ್ದಾರೆ. ಬೆಸುಗೆಗೆ ಮಾತ್ರ ಬಿಸಿ ತಾಗ್ಬಾರ್ದು ಅಂತ ಮಫ್ಲರ್ ಸುತ್ತಿದ್ದಾರೆ. ಈ ಕಳ್ಳನಿಗೆ ಬೆಸುಗೆ ಮೇಲೇ ಜೀವ.”

“ಎಲ್ಲರೆದುರು ಇವಳ ಬೆಸುಗೆ ಕೈಕೊಟ್ರೆ ಅಂತ ಭಯ ಆಯ್ತು,” ಅಣ್ಣ ತಲೆ ತಗ್ಗಿಸಿದ. “ಮೊದಲೇ ನೋಡೋಣ ಅಂತ ನಿನ್ನೆ ಸಂಜೆ ಇಳಿಸಿದೆ. ಮನೆಗೆ ಹೋಗೋಣ ಅಂತ ಇವಳು ಕರೆಯೋಕೆ ಬರೋ ಹೊತ್ತು. ಕಂಡ್ರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತಾಳಲ್ಲ, ಅದಕ್ಕೇ ಬೇಗ ಒಣಗಿಸ್ದೆ! ಬೆಳಿಗ್ಗೆ ಹೇಳೋಕೆ ಬಾಯೇ ಬರ್ಲಿಲ್ಲ.”

“ನಂಬಿಕೆ ವಿಷಯ ಮನೇಲಿ ನೋಡ್ಕೋತೀನಿ,” ಎಂದಳು ತಂಗಿ. “ಬೆಸುಗೆ ಹೇಗಿತ್ತು, ಅದು ಹೇಳೋ.”

“ತಡೆ ಇದೆಯೋ ಇಲ್ವೋ ಅನ್ನೋ ಹಾಗಿತ್ತು ಕಣೇ. ಮೀಟರ್ ಕೆಟ್ಟಿದೆ ಅಂತ ಇನ್ನೊಂದು ತಂದು ನೋಡ್ದೆ.”

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. “ತಪ್ಪಾಯ್ತಮ್ಮ. ಲೈನಿನ ಕೆಲಸ ನಿಂದೇ. ಹೊಸ ಕೇಬಲ್ ಸುತ್ತೋದು ಇವನ ಪಾಲಿಗೆ.”

ತಂಗಿ ಅಣ್ಣನ ಚೀಲದಿಂದ ಮಫ್ಲರ್ ಎಳೆದಳು. ನಡುವೆ ಸುಟ್ಟು ದೊಡ್ಡ ತೂತು. ಅದರೊಳಗೆ ಬೆರಳು ತೂರಿಸಿ ನೋಡಿದಳು. ಕಣ್ಣು ತುಂಬಿ ಬಂತು.

“ಹೊಸದು ಹೆಣೆದುಕೊಡ್ತೀನಿ,” ಎಂದಳು. “ಬೈದು ಮುಗಿದ ಮೇಲೆ.”